ಗಂಗಜ್ಜಿಯ ಬೆನ್ನ ಹಿಂದಿನ ದನಿ

ಗಂಗೂಬಾಯಿ ಹಾನಗಲ್ ಅವರ ಹಳೆಯ ಕಛೇರಿ ಯಾವುದಾದರೂ ಒಂದನ್ನು ಮೊಬೈಲಿನಲ್ಲಿ ಹಚ್ಚಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. 1970, 80ರ ದಶಕದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲು ಬರುವುದು ಎಲ್ಲರಿಗೂ ಗೊತ್ತಿರುವ ಆ ದಪ್ಪ ದನಿ. ಹೊಸದಾಗಿ ಕೇಳುವವರು ಯಾರೋ ಗಂಡಸು ಹಾಡುತ್ತಿದ್ದಾರೆ ಅಂದುಕೊಳ್ಳುವುದುಂಟು. ಸ್ವಲ್ಪ ಹೊತ್ತು ಹೋದ ಮೇಲೆ ಆ ದನಿ ಉಸಿರು ತೆಗೆದುಕೊಳ್ಳಲು ನಿಲ್ಲುತ್ತದೆ. ಆದರೆ ಹಾಡು ನಿಲ್ಲುವುದಿಲ್ಲ. ಹಿಂದಿನಿಂದ ಇನ್ನೊಂದು ದನಿ, ತೆಳ್ಳಗಿನದು, ಬಿಟ್ಟ ಜಾಗದಲ್ಲೇ ಸ್ವರ ಹಿಡಿದು ಮುಂದಕ್ಕೆ ಒಯ್ಯುತ್ತದೆ.

ಪರದೆಯ ಮೇಲೆ ನೋಡಿದರೆ ಹೆಚ್ಚಾಗಿ ಒಂದೇ ಹೆಸರು ಇರುತ್ತದೆ. ಎರಡನೆಯ ದನಿ ಕೃಷ್ಣಾ ಹಾನಗಲ್ ಅವರದು, ಗಂಗೂಬಾಯಿಯ ಮಗಳು. ಫೋಟೋಗಳಲ್ಲಿ ಇವರು ಅವ್ವನ ಹಿಂದೆ ತಂಬೂರಿ ಹಿಡಿದು ಕೂತಿರುತ್ತಾರೆ. ಮುಖ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ.

ಗಂಗಜ್ಜಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾವು ಬರೆಯಹೊರಟಿದ್ದು ಆ ಇನ್ನೊಂದು ದನಿಯ ಬಗ್ಗೆ. ಆದರೆ ಕೃಷ್ಣಾ ಅಲ್ಲಿ ಹೇಗೆ ಬಂದು ಕೂತರು ಎಂದು ತಿಳಿಯಬೇಕಾದರೆ ಅವರ ಅಜ್ಜಿಯಿಂದ ಶುರು ಮಾಡಬೇಕು. ಆ ಮನೆಯಲ್ಲಿ ಅವ್ವ ಮತ್ತು ಮಗಳು ಸೇರಿ ಸಂಗೀತ ಮಾಡಿದ್ದು ಒಂದು ಸಲ ಅಲ್ಲ, ಎರಡು ಸಲ. ಮೊದಲ ಸಲ ಅವ್ವ ಮಾಡಿದ ಕೆಲಸ ಏನು ಗೊತ್ತೇ? ಹಾಡುವುದನ್ನು ಬಿಟ್ಟದ್ದು.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ಅಪ್ಪ ಚಿಕ್ಕೂರಾವ್ ನಾಡಗೀರ, ಒಕ್ಕಲುತನದವರು. ಅವ್ವ ಅಂಬಾಬಾಯಿ, ಕರ್ನಾಟಕ ಸಂಗೀತದ ಗಾಯಕಿ. ಅಜ್ಜಿ ಕಮಲಾಬಾಯಿಯೂ ಹಾಡುವವರೇ. ಹಾಡಿ ಬದುಕುವ ಹೆಣ್ಣುಮಕ್ಕಳ ಮನೆತನ ಅದು. ಅಂಥ ಮನೆಗಳಲ್ಲಿ ಮಕ್ಕಳಿಗೆ ಅಪ್ಪನ ಅಡ್ಡಹೆಸರು ಬರುತ್ತಿರಲಿಲ್ಲ, ಅವ್ವನ ಕಡೆಯದು ಬರುತ್ತಿತ್ತು. ಹಾಗಾಗಿ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲು ಆ ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಉಳಿದು ದೇಶವೆಲ್ಲ ಸುತ್ತಿತು.

ಮನೆ ಇದ್ದದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ, ಮೇಲ್ಜಾತಿಯವರ ಮನೆಗಳ ನಡುವೆ. ಚಿಕ್ಕವರಿದ್ದಾಗ ನೆರೆಯವರ ಹಿತ್ತಲಲ್ಲಿ ಮಾವಿನಹಣ್ಣು ಕದಿಯಲು ಹೋಗಿ ಸಿಕ್ಕಿಬಿದ್ದದ್ದನ್ನು ಗಂಗೂಬಾಯಿ ವಯಸ್ಸಾದ ಮೇಲೂ ನೆನೆಯುತ್ತಿದ್ದರು. ಆ ಮನೆಯವರಿಗೆ ಸಿಟ್ಟು ಬಂದದ್ದು ಹಣ್ಣು ಹೋಯಿತೆಂದಲ್ಲ, ಹಾಡುವವಳ ಮಗಳು ತಮ್ಮ ಹಿತ್ತಲಿಗೆ ಕಾಲಿಟ್ಟಳಲ್ಲಾ ಎಂದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ, ಅಲ್ಲಿ ಹನ್ನೊಂದು ವರ್ಷದ ಗಂಗೂ ಸ್ವಾಗತದ ಹಾಡು ಹಾಡಿದಳು. ಅಷ್ಟು ದೊಡ್ಡ ಸಭೆ, ಎದುರಿಗೆ ಗಾಂಧೀಜಿ. ಹುಡುಗಿಗೆ ಇದ್ದ ಹೆದರಿಕೆ ಮಾತ್ರ ಬೇರೆ: ಊಟವಾದ ಮೇಲೆ ಎಲೆ ಎತ್ತಿ ಬಳಿಯಲು ತನಗೆ ಹೇಳಿಬಿಡುತ್ತಾರೋ ಏನೋ ಎಂದು.

ಹುಡುಗಿಯ ಕಿವಿ ಹೋದದ್ದು ಅವ್ವನ ಸಂಗೀತದ ಕಡೆಗಲ್ಲ. ಪೇಟೆಯಲ್ಲಿ ಗ್ರಾಮಫೋನ್ ಹಾಡುತ್ತಿದ್ದರೆ ಓಡಿಹೋಗಿ ನಿಂತು ಕೇಳುತ್ತಿದ್ದಳು. ಅದರಲ್ಲಿ ಬರುತ್ತಿದ್ದದ್ದು ಹಿಂದೂಸ್ತಾನಿ. ಧಾರವಾಡಕ್ಕೆ ಆಗಾಗ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಬರುತ್ತಿದ್ದರು, ಅಂಬಾಬಾಯಿಯವರ ಹಾಡನ್ನೂ ಕೇಳುತ್ತಿದ್ದರು. ಮಗಳು ಹಿಂದೂಸ್ತಾನಿಯನ್ನೇ ಕಲಿಯಲಿ ಎಂದು ತೀರ್ಮಾನವಾಯಿತು. ಅದಕ್ಕಾಗಿ 1928ರಲ್ಲಿ ಮನೆಯನ್ನೇ ಹುಬ್ಬಳ್ಳಿಗೆ ಎತ್ತಿಕೊಂಡು ಬಂದರು. ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನು ಹಾಡುವುದು ನಿಲ್ಲಿಸಿದರು.

ಇದನ್ನು ನಾವು ಮೊದಲು ಓದಿದಾಗ ತ್ಯಾಗದ ಕತೆ ಎಂದು ತಿಳಿದೆವು. ಆಮೇಲೆ ಯೋಚಿಸಿದರೆ ಅದರೊಳಗೆ ಕಸುಬಿನ ಲೆಕ್ಕವೂ ಕಾಣಿಸಿತು. ಕರ್ನಾಟಕ ಸಂಗೀತದಲ್ಲಿ ಸ್ವರವನ್ನು ಹೆಚ್ಚಾಗಿ ತೂಗಿ, ಓಲಾಡಿಸಿ ಹಾಡುತ್ತಾರೆ. ಕಿರಾಣಾದವರು ಒಂದು ಸ್ವರವನ್ನು ಅಲುಗದೆ, ನೆಟ್ಟಗೆ, ಬಹಳ ಹೊತ್ತು ನಿಲ್ಲಿಸುತ್ತಾರೆ. ಮಕ್ಕಳು ಪಾಠ ಹೇಳಿಸಿಕೊಂಡು ಕಲಿಯುವುದು ಸ್ವಲ್ಪ, ಮನೆಯಲ್ಲಿ ಕೇಳಿ ಕಲಿಯುವುದೇ ಬಹಳ. ನೀರು ತರುವಾಗ, ರೊಟ್ಟಿ ಬಡಿಯುವಾಗ ಅವ್ವ ಗುನುಗಿದ್ದೇ ಕಿವಿಯಲ್ಲಿ ಕೂರುತ್ತದೆ. ಅಂಬಾಬಾಯಿಗೆ ಇದು ಗೊತ್ತಿತ್ತು. ತನ್ನ ದನಿ ಚೆನ್ನಾಗಿದ್ದಷ್ಟೂ ಮಗಳಿಗೆ ತೊಡಕು. ತನಗೆ ಗೊತ್ತಿದ್ದ ವಿದ್ಯೆ ಮಗಳ ಗಂಟಲಿಗೆ ಇಳಿಯದಂತೆ ನೋಡಿಕೊಳ್ಳುವುದೂ ಒಂದು ಪಾಠವೇ ಆಯಿತು ಆ ಮನೆಯಲ್ಲಿ. ಅಂಬಾಬಾಯಿ 1932ರಲ್ಲಿ ತೀರಿಕೊಂಡರು. ಆಗ ಮಗಳಿಗೆ ಹತ್ತೊಂಬತ್ತು.

ಅಷ್ಟರಲ್ಲಿ ಗಂಗೂಬಾಯಿಯ ಬದುಕಿನಲ್ಲಿ ಬಹಳ ಆಗಿಹೋಗಿತ್ತು. ಹದಿನಾರನೇ ವಯಸ್ಸಿಗೆ ವಕೀಲರಾದ ಗುರುರಾವ್ ಕೌಲಗಿಯವರ ಜೊತೆ ಸಂಸಾರ, ಎಳೆಯ ಮಗಳು ಕೃಷ್ಣಾ. ಮುಂದೆ ನಾರಾಯಣ, ಬಾಬು ಎಂದು ಇಬ್ಬರು ಗಂಡುಮಕ್ಕಳು. ಮೂವರೂ ಹಾನಗಲ್ ಎಂದೇ ಕರೆಸಿಕೊಂಡರು, ಕೌಲಗಿ ಎಂದಲ್ಲ. ಗುರುರಾಯರು ಕೈಹಾಕಿದ ವ್ಯವಹಾರಗಳು ಕೈಹಿಡಿಯಲಿಲ್ಲ. ಮನೆ ನಡೆದದ್ದು ಹಾಡಿನಿಂದ. ಎಚ್‌ಎಂವಿ ಕಂಪನಿಯವರು ಮೊದಲ ಪ್ಲೇಟುಗಳ ಮೇಲೆ ಅಚ್ಚು ಹಾಕಿದ ಹೆಸರು ಗಾಂಧಾರಿ ಹಾನಗಲ್. ಆ ಪ್ಲೇಟುಗಳನ್ನು ಈಗ ಕೇಳಿದರೆ ಆಶ್ಚರ್ಯವಾಗುತ್ತದೆ. ತೆಳ್ಳಗಿನ, ಚೂಪಾದ, ಮೇಲಕ್ಕೆ ಸರಾಗ ಹತ್ತುವ ಹೆಣ್ಣುದನಿ. ಗಂಗಜ್ಜಿ ಎಂದು ನಂಬುವುದೇ ಕಷ್ಟ.

ಮೊದಲು ಕೃಷ್ಣಾಚಾರ್ಯ ಹುಲಗೂರ ಅವರಲ್ಲಿ, ಆಮೇಲೆ ದತ್ತೋಪಂತ ದೇಸಾಯಿಯವರಲ್ಲಿ ಪಾಠವಾಗಿತ್ತು. ಆದರೆ ನಿಜವಾದ ಗುರು ಸಿಕ್ಕಿದ್ದು ಕುಂದಗೋಳದಲ್ಲಿ. ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು, ಊರವರಿಗೆ ರಾಮಭಾವು, ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಊರಿಗೆ ಬಂದು ನೆಲೆಸಿದ್ದರು. 1930ರ ದಶಕದ ಕೊನೆಯ ವರ್ಷಗಳಲ್ಲಿ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ ಸಂಜೆ ಹಿಂತಿರುಗುತ್ತಿದ್ದರು. ಆಗ ಗುರುವಿನ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ, ಇವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುತ್ತಿದ್ದದ್ದೂ ಉಂಟು. ಇವರು ಅವರಿಗೆ ಅಕ್ಕ. ಗುರುಗಳು ಕಲಿಸುತ್ತಿದ್ದ ರೀತಿ ಎಂದರೆ ಒಂದು ತುಣುಕನ್ನು ಹೇಳಿಕೊಡುವುದು, ಅದು ಬರುವವರೆಗೆ ಮುಂದಕ್ಕೆ ಹೋಗದಿರುವುದು. ಹೆಚ್ಚು ರಾಗ ಬೇಡ, ಇರುವ ರಾಗದ ಆಳಕ್ಕೆ ಇಳಿ ಎನ್ನುವ ಪದ್ಧತಿ. ಗಂಗೂಬಾಯಿ ಬದುಕಿಡೀ ಹಾಗೇ ಉಳಿದರು. ಠುಮರಿಯಂಥ ಹಗುರ ಹಾಡುಗಳನ್ನು ಕೈಬಿಟ್ಟು, ಖಯಾಲ್ ಒಂದನ್ನೇ ಹಿಡಿದರು.

ಆಮೇಲೆ ಟಾನ್ಸಿಲ್ ಶಸ್ತ್ರಚಿಕಿತ್ಸೆಯಾಯಿತು. ದನಿ ಬದಲಾಯಿತು. ಗ್ರಾಮಫೋನಿನ ಆ ತೆಳ್ಳಗಿನ ದನಿ ಹೋಗಿ ದಪ್ಪನೆಯ, ಭಾರದ ದನಿ ಬಂತು. ಬೇರೆ ಯಾರಾದರೂ ಆಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಗಂಗೂಬಾಯಿ ಆ ದನಿಯಲ್ಲೇ ಹೊಸದಾಗಿ ಹಾಡುವುದನ್ನು ಕಂಡುಕೊಂಡರು.

ಕೃಷ್ಣಾ ಬರುವುದು ಇಲ್ಲಿ.

ಖಯಾಲ್ ಸಂಗೀತದಲ್ಲಿ ದೊಡ್ಡ ಗಾಯಕರ ಹಿಂದೆ ಶಿಷ್ಯರೊಬ್ಬರು ತಂಬೂರಿ ಮೀಟುತ್ತ ಕೂತು, ನಡುನಡುವೆ ದನಿ ಸೇರಿಸುತ್ತಾರೆ. ಸಾಥ್ ಕೊಡುವುದು ಎನ್ನುತ್ತಾರೆ. ನಮ್ಮ ಕಡೆಯ ಗೀಗೀ ಮೇಳ ಕೇಳಿದವರಿಗೆ ಹಿಮ್ಮೇಳ ಎಂದರೆ ಗೊತ್ತು. ಮುಂದಿನವರು ಬಿಟ್ಟ ಕೊನೆಯ ಮಾತನ್ನು ಹಿಂದಿನವರು ಎತ್ತಿ ಹಿಡಿಯುತ್ತಾರೆ. ಭಜನೆಯಲ್ಲಾದರೆ ಒಬ್ಬರು ಹೇಳಿದ್ದನ್ನು ಉಳಿದವರು ಹಾಗೇ ತಿರುಗಿ ಹೇಳುತ್ತಾರೆ. ಸಾಥ್ ಇವೆರಡಕ್ಕೂ ಹತ್ತಿರದ್ದೇ, ಆದರೆ ಹೆಚ್ಚು ತ್ರಾಸಿನದು. ಏಕೆಂದರೆ ಇಲ್ಲಿ ಮುಂದೇನು ಬರುತ್ತದೆ ಎಂದು ಬರೆದಿಟ್ಟಿಲ್ಲ. ಮುಂದೆ ಕೂತವರು ಆ ಕ್ಷಣಕ್ಕೆ ಹೊಳೆದದ್ದನ್ನು ಹಾಡುತ್ತಾರೆ. ಹಿಂದೆ ಕೂತವರಿಗೆ ಅವರ ಮುಖ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಹೆಗಲು ಏರಿದ್ದು, ಕೈ ಎತ್ತಿದ್ದು, ಕತ್ತು ಒಂದು ಕಡೆ ವಾಲಿದ್ದು ನೋಡಿ ಎಲ್ಲಿಗೆ ಹೊರಟಿದ್ದಾರೆ ಎಂದು ಹಿಡಿಯಬೇಕು.

ಮುಖ್ಯ ದನಿ ಇನ್ನೂ ಮುಟ್ಟದ ಸ್ವರವನ್ನು ಹಿಂದಿನ ದನಿ ಮುಟ್ಟಕೂಡದು. ಕಿರಾಣಾ ಪದ್ಧತಿಯಲ್ಲಿ ಇದು ದೊಡ್ಡ ಮಾತು. ಷಡ್ಜದಿಂದ ಶುರುಮಾಡಿ ಒಂದೊಂದೇ ಸ್ವರಕ್ಕೆ ಮೆಟ್ಟಿಲು ಹತ್ತಿದಂತೆ ಹತ್ತುತ್ತಾರೆ. ಮೇಲಿನ ಷಡ್ಜ ಮುಟ್ಟಲು ಎಷ್ಟೋ ನಿಮಿಷ ಬೇಕು, ಕೇಳುವವರು ಅದಕ್ಕಾಗಿಯೇ ಕಾದಿರುತ್ತಾರೆ. ಹಿಂದಿನಿಂದ ಯಾರಾದರೂ ಅವಸರಪಟ್ಟು ಒಂದು ಮೆಟ್ಟಿಲು ಮುಂದೆ ಹೋದರೆ ಇಡೀ ಕಟ್ಟಡ ಕುಸಿದಂತೆ. ಹಾಗೆಂದು ಸುಮ್ಮನೆ ಕೂತರೂ ಆಗದು. ತಾಳ ಬಹಳ ನಿಧಾನ, ಹನ್ನೆರಡು ಮಾತ್ರೆಯ ಏಕತಾಳದ ಒಂದೇ ಸುತ್ತಿಗೆ ಮುಕ್ಕಾಲು ನಿಮಿಷ, ಒಂದು ನಿಮಿಷ ಹಿಡಿಯಬಹುದು. ಅಷ್ಟು ದೊಡ್ಡ ಸುತ್ತಿನಲ್ಲಿ ಉಸಿರಿಗಾಗಿ ನಿಂತಾಗ ಬರುವ ಖಾಲಿ ಜಾಗವೂ ದೊಡ್ಡದು. ಆ ಜಾಗ ತುಂಬಬೇಕು, ಆದರೆ ತುಳುಕಬಾರದು.

ಗಂಗೂಬಾಯಿ, ಕೃಷ್ಣಾ ಹಾಡಿದ್ದನ್ನು ಮತ್ತೆ ಮತ್ತೆ ಕೇಳಿದಾಗ ನಮ್ಮ ಕಿವಿಗೆ ಅವರಿಬ್ಬರ ಹಂಚಿಕೆ ಹೀಗೆ ಕೇಳಿಸುತ್ತದೆ. ಕೆಳಗಿನ ಸ್ವರಗಳೆಲ್ಲ ಅವ್ವನ ಹೊಲ. ಅಲ್ಲಿ ಮಗಳು ಬಹಳ ಕಡಿಮೆ ಕಾಲಿಡುತ್ತಾರೆ. ಹಾಡು ಮೇಲೆ ಏರಿದಂತೆ ಮಗಳ ದನಿ ಹೆಚ್ಚು ಹೆಚ್ಚು ಕೇಳಿಸುತ್ತದೆ. ಮೇಲಿನ ಸ್ವರಗಳಿಗೆ ಅವ್ವ ಹೋಗಲಾರರು ಎಂದಲ್ಲ, ಹೋದರೆ ಸಿಡಿಲಿನಂತೆಯೇ ಹೋಗುತ್ತಾರೆ. ಆದರೆ ಅಲ್ಲಿ ನಿಂತು ದೀಪದಂತೆ ಬೆಳಗುವ ಕೆಲಸ ಮಗಳದು. ಇನ್ನೊಂದು ವಿಷಯ ಗಮನಿಸಿ. ಕೃಷ್ಣಾರ ದನಿ ಗಂಗೂಬಾಯಿ ಕಳೆದುಕೊಂಡ ಮೊದಲಿನ ದನಿಯ ಜಾತಿಯದು, ತೆಳ್ಳಗೆ, ಎತ್ತರಕ್ಕೆ. ಗಾಂಧಾರಿ ಹಾನಗಲ್ ಎಂಬ ಹುಡುಗಿ ಹಿಂದೆ ಕೂತು ಗಂಗೂಬಾಯಿ ಹಾನಗಲ್‌ಗೆ ಸಾಥ್ ಕೊಡುತ್ತಿದ್ದಾಳೆ ಎಂದು ನಮಗೆ ಒಮ್ಮೊಮ್ಮೆ ಅನಿಸುತ್ತದೆ. ಸ್ವಲ್ಪ ಅತಿಯಾಯಿತೇನೋ, ಆದರೂ ಕೇಳಿ ನೋಡಿ.

ಅವ್ವ ಮಗಳ ನಡುವೆ ವಯಸ್ಸಿನ ಅಂತರ ಹದಿನಾರು ವರ್ಷ ಅಷ್ಟೇ. ನಮ್ಮ ಊರುಗಳಲ್ಲಿ ಅಕ್ಕ ತಂಗಿಯರ ನಡುವೆಯೂ ಅಷ್ಟು ಇರುತ್ತದೆ. ಹಾಗಾಗಿ ಇಬ್ಬರೂ ಒಟ್ಟಿಗೇ ನಡುವಯಸ್ಸಿನವರಾದರು, ಒಟ್ಟಿಗೇ ಮುದುಕಿಯರಾದರು. ತಬಲಾದಲ್ಲಿ ಕೂಡ ಮನೆತನದವರೇ ಆದ ಶೇಷಗಿರಿ ಹಾನಗಲ್ ಬಹಳ ವರ್ಷ ಇದ್ದರು. ವೇದಿಕೆ ಎಂದರೆ ಅರ್ಧ ಮನೆಯೇ ಅಲ್ಲಿ ಕೂತಂತೆ. ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಸಂಗೀತೋತ್ಸವವಿರಲಿ, ಭೀಮಸೇನ ಜೋಶಿಯವರು ಪುಣೆಯಲ್ಲಿ ಶುರುಮಾಡಿದ ಉತ್ಸವವಿರಲಿ, ಜನ ನೋಡಿದ್ದು ಮುಂದೆ ಅವ್ವ ಹಿಂದೆ ಮಗಳು ಕೂತ ಆ ಜೋಡಿಯನ್ನೇ.

ಸಾಥ್ ಕೊಡುವುದು ಸಾಮಾನ್ಯವಾಗಿ ಕಲಿಕೆಯ ಒಂದು ಹಂತ. ಕೆಲವು ವರ್ಷ ಗುರುವಿನ ಹಿಂದೆ ಕೂತು, ಆಮೇಲೆ ತನ್ನದೇ ತಂಬೂರಿಗಳ ಮುಂದೆ ಕೂರುವುದು. ಮುಂಬಯಿಯಲ್ಲಿ ಕಿಶೋರಿ ಅಮೋಣಕರ್ ತಾಯಿ ಮೊಗುಬಾಯಿ ಕುರ್ಡೀಕರ್ ಹಿಂದೆ ಕೂತು ಹಾಡುತ್ತಲೇ ಬೆಳೆದವರು. ಆಮೇಲೆ ತಮ್ಮ ದಾರಿ ಹಿಡಿದರು, ತಾಯಿಯ ಗಾಯನಕ್ಕಿಂತ ಬೇರೆಯದೇ ಆದ ಗಾಯನ ಕಟ್ಟಿದರು. ನಮ್ಮ ಧಾರವಾಡದಲ್ಲೇ ಮಲ್ಲಿಕಾರ್ಜುನ ಮನಸೂರರ ಮಗ ರಾಜಶೇಖರ ಮನಸೂರ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುವ ನೌಕರಿ ಮಾಡುತ್ತಲೇ, ಅಪ್ಪನ ಕಛೇರಿಗಳಲ್ಲಿ ವರ್ಷಗಟ್ಟಲೆ ದನಿಗೂಡಿಸಿದರು. ಅಪ್ಪ 1992ರಲ್ಲಿ ತೀರಿಕೊಂಡ ಮೇಲೆ ಅವರಿಗೆ ಮೂವತ್ತು ವರ್ಷ ಉಳಿದಿತ್ತು. ಅಪ್ಪನಿಂದ ಬಂದ ಅಪರೂಪದ ರಾಗಗಳನ್ನು ತಾವೇ ಮುಂದೆ ಕೂತು ಹಾಡಿದರು, ಅಪ್ಪನ ಆತ್ಮಕತೆಯನ್ನು ಇಂಗ್ಲಿಷಿಗೆ ತಂದರು, 2022ರಲ್ಲಿ ತೀರಿಕೊಂಡರು.

ಕೃಷ್ಣಾರಿಗೆ ಹಾಗೆ ಮುಂದಿನ ಜಾಗ ಖಾಲಿಯಾಗಲೇ ಇಲ್ಲ. ನಲವತ್ತಾದಾಗಲೂ, ಅರವತ್ತಾದಾಗಲೂ, ಎಪ್ಪತ್ತು ದಾಟಿದಾಗಲೂ ಅವ್ವ ಹಾಡುತ್ತಲೇ ಇದ್ದರು. ಗಂಗೂಬಾಯಿಗೆ 1971ರಲ್ಲಿ ಪದ್ಮಭೂಷಣ ಬಂತು, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 2002ರಲ್ಲಿ ಪದ್ಮವಿಭೂಷಣ ಬಂತು. ಕೊನೆಯದು ಬಂದಾಗ ಅವ್ವನಿಗೆ ಎಂಬತ್ತೊಂಬತ್ತು, ಮಗಳಿಗೆ ಎಪ್ಪತ್ತರ ಮೇಲೆ. ಎಂಬತ್ತು ದಾಟಿದ ಮೇಲೆ ಒಬ್ಬರು ನಿಧಾನದ ಖಯಾಲ್ ಹಾಡುತ್ತಾರೆ ಎಂದರೆ ಅದರಲ್ಲಿ ಉಸಿರಿನ ಪಾಲು ಎಷ್ಟು, ಉಸಿರು ಬಿಟ್ಟ ಜಾಗದಲ್ಲಿ ಬಿದ್ದ ಇನ್ನೊಂದು ದನಿಯ ಪಾಲು ಎಷ್ಟು ಎಂದು ಲೆಕ್ಕ ಹಾಕುವುದು ಸುಲಭವಲ್ಲ. ಪ್ರಶಸ್ತಿ ಪತ್ರಗಳಲ್ಲಿ ಆ ಲೆಕ್ಕಕ್ಕೆ ಜಾಗವೂ ಇರುವುದಿಲ್ಲ.

ಕೃಷ್ಣಾ ಮುಂದೆ ಕೂರಬೇಕಿತ್ತು, ಅವ್ವನ ನೆರಳಿನಲ್ಲಿ ಕಮರಿದರು ಎಂದು ಮರುಗುವವರು ಇದ್ದಾರೆ. ನಮ್ಮಲ್ಲೂ ಈ ಬಗ್ಗೆ ಜಗಳವಾಯಿತು. ಒಬ್ಬರ ವಾದ: ಆ ಮನೆಯಲ್ಲಿ ಪ್ರತಿ ಸಲ ಒಬ್ಬ ಹೆಣ್ಣುಮಗಳ ದನಿ ಮೇಲೇಳಲು ಇನ್ನೊಬ್ಬಳು ತಗ್ಗಬೇಕಾಯಿತು, ಮೊದಲು ಅಜ್ಜಿ, ಆಮೇಲೆ ಮೊಮ್ಮಗಳು. ಇನ್ನೊಬ್ಬರ ವಾದ: ಅಜ್ಜಿ ಬಾಯಿ ಮುಚ್ಚಿದ್ದು ಬೇರೆ, ಮೊಮ್ಮಗಳು ಬಾಯಿ ತೆರೆದು ಹಾಡಿದ್ದು ಬೇರೆ, ಹಿಂದೆ ಕೂತದ್ದಕ್ಕೇ ಅದು ಸಣ್ಣ ಕೆಲಸ ಎಂದು ನಾವು ಯಾಕೆ ತಿಳಿಯಬೇಕು? ಈ ಎರಡನೆಯ ಮಾತಿನ ಕಡೆಗೇ ನಾವು ಕೊನೆಗೆ ವಾಲಿದೆವು. ಆ ಸಂಗೀತ ಕಿವಿಗೆ ಬೀಳುವುದೇ ಎರಡು ದನಿಯಾಗಿ. ಒಂದನ್ನು ತೆಗೆದರೆ ಇನ್ನೊಂದು ಹಾಗೇ ಉಳಿಯುವುದಿಲ್ಲ. ತಪ್ಪಿದ್ದರೆ ಅದು ಹೆಸರು ಬರೆದವರದು.

ಹೆಸರಿನ ಮಾತು ಬಂತೆಂದು ಇನ್ನೊಂದು ಹೇಳುತ್ತೇವೆ. ಗಂಗೂಬಾಯಿ ತಮಾಷೆಯಾಗಿ, ಆದರೆ ಚುಚ್ಚುವಂತೆ ಒಂದು ಮಾತು ಹೇಳುತ್ತಿದ್ದರು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ ಆಗುತ್ತಾನೆ, ಕೇಸರಬಾಯಿ, ಮೊಗುಬಾಯಿಯಂಥವರು ಮಾತ್ರ ಎಷ್ಟು ದೊಡ್ಡವರಾದರೂ ಬಾಯಿ ಆಗಿಯೇ ಉಳಿಯುತ್ತಾರೆ ಎಂದು. ಮಗಳ ಹೆಸರಿಗೆ ಆ 'ಬಾಯಿ' ಕೂಡ ಅಂಟಲಿಲ್ಲ. ಬರೀ ಕೃಷ್ಣಾ ಹಾನಗಲ್, ಅದೂ ಬರೆದರೆ.

ಕೊನೆಯ ವರ್ಷಗಳು ಕಠಿಣವಾಗಿದ್ದವು. ಗಂಗೂಬಾಯಿಗೆ ಮೂಳೆಮಜ್ಜೆಯ ಕ್ಯಾನ್ಸರ್ ಬಂತು. ತೊಂಬತ್ತರ ವಯಸ್ಸಿನಲ್ಲಿ, 2003ರಲ್ಲಿ ಅದರಿಂದ ಗುಣವಾಗಿ ಎದ್ದರು. ಮರುವರ್ಷ, 2004ರಲ್ಲಿ, ಕೃಷ್ಣಾ ಕ್ಯಾನ್ಸರಿನಿಂದ ತೀರಿಕೊಂಡರು. ಎಪ್ಪತ್ತೈದು ವರ್ಷವಾಗಿತ್ತು.

2006ರ ಮಾರ್ಚಿನಲ್ಲಿ ಗಂಗಜ್ಜಿ ಸಂಗೀತದ ಬದುಕಿಗೆ 75 ವರ್ಷ ತುಂಬಿದ ನೆನಪಿಗೆ ಕೊನೆಯ ಕಛೇರಿ ಮಾಡಿದರು. ತೊಂಬತ್ತಮೂರು ವಯಸ್ಸು. ಹಿಂದೆ ಕೃಷ್ಣಾ ಇರಲಿಲ್ಲ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅಜ್ಜಿ ಹೋದರು, ಕಣ್ಣುಗಳನ್ನು ದಾನ ಮಾಡಿ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ.

ಇಷ್ಟು ಓದಿದ ಮೇಲೆ ಮತ್ತೊಮ್ಮೆ ಆ ಹಳೆಯ ಕಛೇರಿಯನ್ನು ಹಚ್ಚಿ. ರಾಗ ಯಾವುದಾದರೂ ಇರಲಿ, ರಾಗದ ಹೆಸರು ಗೊತ್ತಿರಬೇಕೆಂದೂ ಇಲ್ಲ. ಸುಮ್ಮನೆ ತಂಬೂರಿ ಕೇಳುತ್ತ ಕೂತಿರಿ. ದಪ್ಪ ದನಿ ಒಂದು ಸ್ವರದ ಮೇಲೆ ನಿಂತು, ನಿಂತು, ಬಿಡುತ್ತದಲ್ಲ, ಆಗ ತಬಲಾ ಕಡೆ ಗಮನ ಕೊಡಬೇಡಿ. ಅದರ ಹಿಂದೆ, ಸ್ವಲ್ಪ ದೂರದಿಂದ, ಮೈಕಿಗೆ ಅಷ್ಟು ಹತ್ತಿರವಿಲ್ಲದ ಒಂದು ದನಿ ಅದೇ ಸ್ವರವನ್ನು ಕೆಳಗೆ ಬೀಳಲು ಬಿಡದೆ ಹಿಡಿದಿರುತ್ತದೆ.